ಪ್ರಶ್ನೆ ಕೇಳುವ ರೆಕ್ಸ್ ಅನ್ನು ಬ್ಯಾಚ್‌ಗೆ ಒಗ್ಗಿಸಿದ್ದು: ಹಂತ ಹಂತದ ದಾಖಲೆ

ತಿಂಗಳ ಕೊನೆಯ ಲೆಕ್ಕಾಚಾರಕ್ಕೆ ಮುನ್ನ ಮುಗಿಯಬೇಕಾದ ಸಿದ್ಧತೆಯನ್ನು ನಮ್ಮಲ್ಲಿ ಬಹುಕಾಲದಿಂದ ಒಂದು ರೆಕ್ಸ್ ಎಕ್ಸೆಕ್ (ರೆಕ್ಸ್ ಎಂಬ ಸ್ಕ್ರಿಪ್ಟ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ) ಮಾಡುತ್ತಿತ್ತು. ಯಾರಾದರೊಬ್ಬರು ಮೇನ್‌ಫ್ರೇಮ್‌ನ ಸಂವಾದ ಪರಿಸರವಾದ ಟಿಎಸ್‌ಒಗೆ ಲಾಗಾನ್ ಆಗಿ ಅದನ್ನು ಓಡಿಸಬೇಕು, ಅದು ಕೇಳಿದ್ದಕ್ಕೆ ಉತ್ತರ ಕೊಡಬೇಕು, ನಡುವೆ ಬರುವ ಐಎಸ್‌ಪಿಎಫ್ (ಟಿಎಸ್‌ಒದ ಮೇಲೆ ಓಡುವ ಪರದೆ ವ್ಯವಸ್ಥೆ) ಪ್ಯಾನೆಲ್ ಅನ್ನು ಒಮ್ಮೆ ನೋಡಿ ಎಂಟರ್ ಒತ್ತಬೇಕು, ಅಷ್ಟಾದರೆ ಮುಗಿಯಿತು. ಈಗ ಅದೇ ಕೆಲಸ ಷೆಡ್ಯೂಲರ್‌ನ ಕೈಗೆ ಹೋಗಿ, ರಾತ್ರಿ ಯಾರೂ ಇಲ್ಲದ ಹೊತ್ತಿನಲ್ಲಿ ಬ್ಯಾಚ್‌ನಲ್ಲಿ, ಅಂದರೆ ಯಾರ ಉತ್ತರಕ್ಕೂ ಕಾಯದೆ, ತಾನಾಗಿ ಓಡಬೇಕೆಂದು ತೀರ್ಮಾನವಾಯಿತು. ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಂ ಆದ ಜೆಡ್‌ಓಎಸ್‌ನಲ್ಲಿ ಇದಕ್ಕೆ ಬೇಕಾದ ಪ್ರೋಗ್ರಾಂಗಳೆಲ್ಲ ವ್ಯವಸ್ಥೆಯೊಂದಿಗೇ ಬಂದಿರುವುದರಿಂದ ಹೊಸದಾಗಿ ಏನನ್ನೂ ಕೊಳ್ಳಬೇಕಾಗಲಿಲ್ಲ.

ಎಕ್ಸೆಕ್ ಅನ್ನು ಬ್ಯಾಚ್‌ನಲ್ಲಿ ಓಡಿಸುವುದು ಕಷ್ಟವೇನಲ್ಲ. ಕೆಲಸ ಕೆಟ್ಟಾಗ ಅದು ಸೊನ್ನೆಯಲ್ಲದ ರಿಟರ್ನ್ ಕೋಡ್ ಕೊಟ್ಟು ನಿಲ್ಲುವಂತೆ ಮಾಡುವುದರಲ್ಲೇ ಹೆಚ್ಚಿನ ಹೊತ್ತು ಹೋಯಿತು. ಆದ್ದರಿಂದ ಕೆಳಗಿನ ಹಂತಗಳಲ್ಲಿ ಸೋತ ಪ್ರಯತ್ನಗಳಿಗೂ ಜಾಗ ಕೊಟ್ಟಿದ್ದೇನೆ.

ಹಂತ 0: ಎಕ್ಸೆಕ್ ಎಲ್ಲೆಲ್ಲಿ ಮನುಷ್ಯರಿಗಾಗಿ ಕಾಯುತ್ತದೆ

ಬ್ಯಾಚ್ ಜಾಬ್ ಅನ್ನು ವಿವರಿಸುವ ಜೆಸಿಎಲ್ ಬರೆಯುವ ಮೊದಲು ಎಕ್ಸೆಕ್ ಅನ್ನೂ ಅದು ಕರೆಯುವ ಎಲ್ಲವನ್ನೂ ಮೇಲಿನಿಂದ ಕೆಳಗಿನವರೆಗೆ ಓದಿ, ಅದು ಕೀಬೋರ್ಡಿನ ಕಡೆಗೆ ನೋಡುವ ಜಾಗಗಳನ್ನೆಲ್ಲ ಗುರುತು ಹಾಕಿಕೊಂಡೆ. ಸೇ (ಸಾಲು ಬರೆಯುವುದು) ಮತ್ತು ಪುಲ್ (ಉತ್ತರ ಓದುವುದು) ಜೋಡಿಯಲ್ಲಿ ಕೇಳುವ ಪ್ರಶ್ನೆಗಳು ಮೂರು: ಯಾವ ತಿಂಗಳು, ಮೂಲ ಡೇಟಾಸೆಟ್‌ನ (ಫೈಲ್‌ನ) ಹೆಸರೇನು, ಹಳೆಯ ಔಟ್‌ಪುಟ್ ಇದ್ದರೆ ಅಳಿಸಬೇಕೇ. ಮೂರನೆಯದು ಹಳೆಯ ಔಟ್‌ಪುಟ್ ನಿಜವಾಗಿಯೂ ಇದ್ದಾಗ ಮಾತ್ರ ಬರುತ್ತದೆ, ಅಂದರೆ ಪ್ರಶ್ನೆಗಳ ಸಂಖ್ಯೆ ಪ್ರತಿ ಬಾರಿ ಒಂದೇ ಇರುವುದಿಲ್ಲ. ಮುಂದೆ ತೊಂದರೆ ಕೊಟ್ಟದ್ದು ಇದೇ. ಇವಲ್ಲದೆ ದೃಢೀಕರಣಕ್ಕೆ ಒಂದು ಪ್ಯಾನೆಲ್, ಪ್ಯಾರಾಮೀಟರ್ ಮೆಂಬರ್ (ಲೈಬ್ರರಿಯೊಳಗಿನ ಒಂದು ಫೈಲ್) ಅನ್ನು ತಿದ್ದುವ ಒಂದು ಎಡಿಟ್ ಮ್ಯಾಕ್ರೋ (ಎಡಿಟರ್‌ನ ಕಮಾಂಡ್‌ಗಳ ಸರಣಿ), ಕೊನೆಯಲ್ಲಿ ಹೊರಗಿನಿಂದ ತಂದ ಒಂದು ಪೂರ್ಣಪರದೆಯ ಕಮಾಂಡ್ ಇದ್ದವು.

ಪುಲ್ ಎಂಬ ಪದವನ್ನು ಹುಡುಕಿದರೆ ಮಾತ್ರ ಸಾಲದು. ಆಪರೆಂಡ್ ಬಿಟ್ಟುಹೋದಾಗ ತಾವೇ ಬಳಕೆದಾರರನ್ನು ಕೇಳುವ ಟಿಎಸ್‌ಒ ಕಮಾಂಡ್‌ಗಳೂ ಇವೆ. ಹಿನ್ನೆಲೆಯಲ್ಲಿ ಅವು ಕೇಳಲಾರದೆ ಸೋಲುತ್ತವೆ. ಹಾಗಾಗಿ ಪ್ರತಿ ಅಲೊಕೇಟ್ ಮತ್ತು ಡಿಲೀಟ್ ಸಾಲಿನಲ್ಲಿ ಬೇಕಾದ ಆಪರೆಂಡ್‌ಗಳೆಲ್ಲ ಇವೆಯೇ ಎಂದು ಈ ಹಂತದಲ್ಲೇ ನೋಡಿಕೊಂಡೆ.

ಹಂತ 1: ಐಆರ್‌ಎಕ್ಸ್‌ಜೆಸಿಎಲ್‌ನಿಂದ ಆರಂಭ, ಅಲ್ಲಿಂದ ವಾಪಸು

ರೆಕ್ಸ್ ಅನ್ನು ಬ್ಯಾಚ್‌ನಲ್ಲಿ ಓಡಿಸಲು ತೀರ ಹಗುರವಾದ ದಾರಿ ಐಆರ್‌ಎಕ್ಸ್‌ಜೆಸಿಎಲ್. ಎಕ್ಸೆಕ್ ಇರುವ ಲೈಬ್ರರಿಯನ್ನು ಸಿಸ್‌ಎಕ್ಸೆಕ್ ಡಿಡಿಗೆ (ಡಿಡಿ ಎಂದರೆ ಜಾಬ್‌ಗೆ ಫೈಲ್ ಒದಗಿಸುವ ಜೆಸಿಎಲ್ ಸಾಲು) ಕೊಟ್ಟು, ಎಕ್ಸೆಕ್‌ನ ಹೆಸರನ್ನು ಪಾರ್ಮ್ ಪ್ಯಾರಾಮೀಟರ್‌ನಲ್ಲಿ ಬರೆದರೆ ಸಾಕು. ಸೇ ಹೇಳಿದ್ದು ಸಿಸ್‌ಟಿಎಸ್‌ಪಿಆರ್‌ಟಿ ಡಿಡಿಗೆ ಹೋಗುತ್ತದೆ, ಪುಲ್ ಕೇಳಿದ್ದು ಸಿಸ್‌ಟಿಎಸ್‌ಇನ್ ಡಿಡಿಯಿಂದ ಬರುತ್ತದೆ. ಪಾರ್ಮ್ ಬರೆಯದೆ ಬಿಟ್ಟರೆ ಸಿಗುವ ಕೋಡ್ 20021. ಆದರೆ ಜಾಬ್ ಲಾಗ್‌ನಲ್ಲಿ ಅದು 3637 ಎಂದು ಕಾಣುತ್ತದೆ, ಏಕೆಂದರೆ ಅಲ್ಲಿ ಕೋಡ್‌ನ ಕೊನೆಯ 12 ಬಿಟ್‌ಗಳನ್ನಷ್ಟೇ ತೋರಿಸಲಾಗುತ್ತದೆ. ಕೈಪಿಡಿಯಲ್ಲಿ 3637 ಅನ್ನು ಹುಡುಕುತ್ತಾ ಕೂತರೆ ಏನೂ ಸಿಗದು. 16384 ಕೂಡಿಸಿ ಹುಡುಕಬೇಕು.

ಮೊದಲ ಪ್ರಯತ್ನದಲ್ಲಿ ಸಿಸ್‌ಟಿಎಸ್‌ಇನ್ ಡಿಡಿಯನ್ನು ಕೊಟ್ಟಿರಲಿಲ್ಲ. ಉತ್ತರ ಸಿಗದೆ ಎಕ್ಸೆಕ್ ನಿಲ್ಲುತ್ತದೆ, ಎಲ್ಲಿ ನಿಂತಿತೆಂದು ನೋಡಿದರಾಯಿತು ಎಂಬ ಲೆಕ್ಕ. ಅದು ನಿಲ್ಲಲಿಲ್ಲ. ಓದಲು ಏನೂ ಇಲ್ಲದಿದ್ದರೆ ಪುಲ್ ಕಾಯುವುದಿಲ್ಲ, ಖಾಲಿ ಸ್ಟ್ರಿಂಗ್ ಕೊಟ್ಟು ಮುಂದೆ ಹೋಗುತ್ತದೆ. ನಮ್ಮ ಎಕ್ಸೆಕ್‌ನಲ್ಲಿ ಪ್ರತಿ ಪ್ರಶ್ನೆಯ ಸುತ್ತಲೂ ಸರಿಯಾದ ಉತ್ತರ ಬರುವವರೆಗೆ ಮತ್ತೆ ಮತ್ತೆ ಕೇಳುವ ಲೂಪ್ ಇತ್ತು. ಮುನ್ನೆಲೆಯಲ್ಲಿ ಅದು ಸೌಜನ್ಯ. ಬ್ಯಾಚ್‌ನಲ್ಲಿ ಅದೇ ಲೂಪ್, ತಿಂಗಳು ಯಾವುದೆಂದು ಕೇಳುವ ಒಂದೇ ಸಾಲನ್ನು ಸ್ಪೂಲ್‌ನಲ್ಲಿ (ಜಾಬ್‌ನ ಔಟ್‌ಪುಟ್ ಸೇರುವ ಜಾಗ) ಪುಟಗಟ್ಟಲೆ ಬರೆಯುತ್ತಾ ಹೋಯಿತು, ಕೊನೆಗೆ ಜಾಬ್ ಅನ್ನು ಕ್ಯಾನ್ಸಲ್ ಮಾಡಬೇಕಾಯಿತು.

ಅಂದಿನಿಂದ ಪರೀಕ್ಷೆಯ ಯಾವ ಜಾಬ್ ಕಾರ್ಡ್‌ ಆದರೂ ಎರಡು ಮಿತಿಗಳನ್ನು ಹಾಕದೆ ಸಬ್ಮಿಟ್ ಮಾಡುವುದಿಲ್ಲ. ಟೈಮ್ ಪ್ಯಾರಾಮೀಟರ್‌ನಲ್ಲಿ 0 ನಿಮಿಷ 30 ಸೆಕೆಂಡ್ ಎಂದು ಕೊಟ್ಟರೆ, ಅಷ್ಟು ಸಿಪಿಯು ಸಮಯ ಮೀರಿದ ಕೂಡಲೇ ಎಸ್322 ಅಬೆಂಡ್ (ಜಾಬ್ ಅಸಹಜವಾಗಿ ನಿಲ್ಲುವುದು) ಆಗುತ್ತದೆ. ಲೈನ್ಸ್ ಪ್ಯಾರಾಮೀಟರ್‌ನಲ್ಲಿ 10 ಮತ್ತು ಕ್ಯಾನ್ಸಲ್ ಎಂದು ಕೊಟ್ಟರೆ, ಅಲ್ಲಿನ ಅಂಕಿ ಸಾವಿರದ ಲೆಕ್ಕದ್ದಾದ್ದರಿಂದ, ಹತ್ತು ಸಾವಿರ ಸಾಲು ದಾಟಿದಾಗ ಎಸ್722 ಬರುತ್ತದೆ. ಲೂಪ್‌ನಲ್ಲಿ ಸೇ ಇದ್ದರೆ ಸಾಮಾನ್ಯವಾಗಿ ಎರಡನೆಯದೇ ಮೊದಲು ಹಿಡಿಯುತ್ತದೆ.

ಸಿಸ್‌ಟಿಎಸ್‌ಇನ್‌ನಲ್ಲಿ ಉತ್ತರಗಳನ್ನಿಟ್ಟು ಮತ್ತೆ ಓಡಿಸಿದಾಗ ಪ್ರಶ್ನೆಗಳೇನೋ ದಾಟಿದವು. ಆದರೆ ಒಂದು ಕಮಾಂಡ್‌ನ ಔಟ್‌ಪುಟ್ ಹಿಡಿಯಲು ಔಟ್‌ಟ್ರ್ಯಾಪ್ ಬಳಸಿದ ಸಾಲಿಗೆ ಬಂದಾಗ ಐಆರ್‌ಎಕ್ಸ್0043ಐ ಸಂದೇಶ ಬಂದು ಎಕ್ಸೆಕ್ ನಿಂತಿತು: ಕರೆದ ರೊಟೀನ್ ಸಿಗಲಿಲ್ಲ ಎಂದು ಅದರ ಅರ್ಥ. ಐಆರ್‌ಎಕ್ಸ್‌ಜೆಸಿಎಲ್ ಒದಗಿಸುವುದು ಬರಿಯ ರೆಕ್ಸ್ ಪರಿಸರ, ಅಲ್ಲಿ ಟಿಎಸ್‌ಒ ಇಲ್ಲ. ಔಟ್‌ಟ್ರ್ಯಾಪ್, ಸಿಸ್‌ಡಿಎಸ್‌ಎನ್, ಲಿಸ್ಟ್‌ಡಿಎಸ್‌ಐ ಯಾವುದೂ ಅಲ್ಲಿ ಸಿಗುವುದಿಲ್ಲ. ಅಡ್ರೆಸ್ ಟಿಎಸ್‌ಒ ಎಂದು ಬರೆದರೆ ಆರ್‌ಸಿಯಲ್ಲಿ (ಕಮಾಂಡ್‌ನ ರಿಟರ್ನ್ ಕೋಡ್ ಇರುವ ಚಲಕ) ಮೈನಸ್ 3 ಬರುತ್ತದೆ. ಎಕ್ಸೆಕ್ಐಒ (ಫೈಲ್ ಓದುವ, ಬರೆಯುವ ಕಮಾಂಡ್) ಮತ್ತು ಲೆಕ್ಕಾಚಾರಗಳಷ್ಟೇ ಇರುವ ಎಕ್ಸೆಕ್‌ಗೆ ಈ ದಾರಿ ಇಂದಿಗೂ ನನ್ನ ಮೊದಲ ಆಯ್ಕೆ. ಈ ಎಕ್ಸೆಕ್‌ಗೆ ಅದು ಸಾಲದು.

ಹಂತ 2: ಐಕೆಜೆಇಎಫ್‌ಟಿ01

ಟಿಎಸ್‌ಒದ ಟರ್ಮಿನಲ್ ಮಾನಿಟರ್ ಪ್ರೋಗ್ರಾಂ ಅನ್ನೇ ಬ್ಯಾಚ್‌ನಲ್ಲಿ ಕರೆಯುವ ದಾರಿಯಿದು. ಜೆಸಿಎಲ್‌ನ ಎಕ್ಸೆಕ್ ಕಾರ್ಡ್‌ನಲ್ಲಿ (ಪ್ರೋಗ್ರಾಂ ಓಡಿಸುವ ಸಾಲು, ನಮ್ಮ ರೆಕ್ಸ್ ಎಕ್ಸೆಕ್ ಅಲ್ಲ) ಪ್ರೋಗ್ರಾಂ ಹೆಸರು ಐಕೆಜೆಇಎಫ್‌ಟಿ01, ಎಕ್ಸೆಕ್ ತಾನೇ ಅಲೊಕೇಟ್ ಮಾಡುವ ಫೈಲ್‌ಗಳಿಗಾಗಿ ಡೈನಮ್‌ಎನ್‌ಬಿಆರ್ 30, ರೀಜನ್ 0ಎಂ ಎಂದು ಕೊಟ್ಟೆ. ಸಿಸ್‌ಟಿಎಸ್‌ಇನ್‌ನ ಮೊದಲ ಸಾಲಿನಲ್ಲಿ ಶೇಕಡಾ ಚಿಹ್ನೆಯನ್ನು ಮುಂದಿಟ್ಟು ಎಕ್ಸೆಕ್‌ನ ಹೆಸರು, ಅದರ ಕೆಳಗಿನ ಸಾಲುಗಳಲ್ಲಿ ಒಂದೊಂದಾಗಿ ಉತ್ತರಗಳು. ಶೇಕಡಾ ಚಿಹ್ನೆ ಇಟ್ಟರೆ ಅದೇ ಹೆಸರಿನ ಕಮಾಂಡ್ ಇದೆಯೇ ಎಂಬ ಹುಡುಕಾಟ ತಪ್ಪುತ್ತದೆ.

ಮೊದಲ ಓಟದಲ್ಲೇ ಮೂರೂ ಪ್ರಶ್ನೆಗಳಿಗೆ ಉತ್ತರ ಸಿಕ್ಕಿ ಎಕ್ಸೆಕ್ ಪ್ಯಾನೆಲ್‌ವರೆಗೆ ಹೋಯಿತು. ಐಎಸ್‌ಪಿಎಫ್ ಇಲ್ಲದ ಕಾರಣ ಅಲ್ಲಿ ಮತ್ತೆ ಮೈನಸ್ 3. ಅದು ನಿರೀಕ್ಷಿಸಿದ್ದೇ ಆದ್ದರಿಂದ ಪ್ಯಾನೆಲ್ ಮತ್ತು ಮ್ಯಾಕ್ರೋ ಭಾಗಗಳನ್ನು ತಾತ್ಕಾಲಿಕವಾಗಿ ಕಾಮೆಂಟ್ ಮಾಡಿ ಮುಂದುವರಿದೆ.

ಇಲ್ಲಿ ಇನ್ನೊಂದು ಸಣ್ಣ ತೊಡಕು. ಕೀಬೋರ್ಡಿನಿಂದ ಬಂದ ಉತ್ತರ ಬಳಕೆದಾರರು ಒತ್ತಿದಷ್ಟೇ ಉದ್ದವಿರುತ್ತದೆ. ಸಿಸ್‌ಟಿಎಸ್‌ಇನ್‌ನಿಂದ ಬರುವುದು 80 ಕಾಲಮ್‌ನ ರೆಕಾರ್ಡ್. ರೆಕ್ಸ್‌ನಲ್ಲಿ ಒಂದೇ ಸಮಚಿಹ್ನೆಯ ಹೋಲಿಕೆ ಬಾಲದ ಖಾಲಿ ಜಾಗಗಳನ್ನು ಲೆಕ್ಕಕ್ಕೆ ಹಿಡಿಯದ ಕಾರಣ ಹೌದು ಅಥವಾ ಇಲ್ಲ ಎಂಬ ಉತ್ತರಗಳಲ್ಲಿ ಏನೂ ಗೊತ್ತಾಗುವುದಿಲ್ಲ. ಡೇಟಾಸೆಟ್ ಹೆಸರಿಗೆ ಪಾರ್ಸ್ ಪುಲ್ ಬಳಸಿ, ಅದರ ಹಿಂದೆ ಆವರಣ ಸೇರಿಸಿ ಮೆಂಬರ್ ಹೆಸರು ಅಂಟಿಸಿದಾಗ ಮಾತ್ರ ನಡುವಿನ ಖಾಲಿ ಜಾಗ ಕಾಣಿಸಿಕೊಂಡಿತು. ಎಲ್ಲ ಉತ್ತರಗಳನ್ನೂ ಸ್ಟ್ರಿಪ್ ಮೂಲಕ ಹಾಯಿಸಿದ ಮೇಲೆ ಸರಿಯಾಯಿತು.

ಹಂತ 3: ಉಳಿದ ಉತ್ತರ ಕಮಾಂಡ್ ಆದದ್ದು

ಹಳೆಯ ಔಟ್‌ಪುಟ್ ಇಲ್ಲದ ತಿಂಗಳಿಗೆ ಅದೇ ಜಾಬ್ ಅನ್ನು ಓಡಿಸಿ ನೋಡಿದೆ. ಎಕ್ಸೆಕ್ ತನ್ನ ಕೆಲಸವನ್ನೆಲ್ಲ ಮುಗಿಸಿ, ಮುಗಿಯಿತೆಂಬ ಸಾಲನ್ನೂ ಬರೆದಿತ್ತು. ಆದರೂ ಸ್ಟೆಪ್‌ನ (ಜಾಬ್‌ನ ಒಂದು ಭಾಗದ) ಕೋಡ್ ಸೊನ್ನೆಯಾಗಿರಲಿಲ್ಲ. ಸಿಸ್‌ಟಿಎಸ್‌ಪಿಆರ್‌ಟಿಯ ಕೊನೆಯಲ್ಲಿ ಹೀಗಿತ್ತು: ರೆಡಿ ಎಂಬ ಸಾಲು, ಅದರ ಕೆಳಗೆ ಒಂಟಿಯಾಗಿ ವೈ ಎಂಬ ಅಕ್ಷರ, ಅದರ ಕೆಳಗೆ ಐಕೆಜೆ56500ಐ ಕಮಾಂಡ್ ವೈ ನಾಟ್ ಫೌಂಡ್.

ಮೂರನೆಯ ಪ್ರಶ್ನೆ ಈ ಬಾರಿ ಬಂದೇ ಇರಲಿಲ್ಲ, ಆದ್ದರಿಂದ ಅದಕ್ಕೆಂದು ಇಟ್ಟಿದ್ದ ಉತ್ತರ ಓದದೆ ಉಳಿಯಿತು. ಎಕ್ಸೆಕ್ ಮುಗಿದ ಮೇಲೆ ಸಿಸ್‌ಟಿಎಸ್‌ಇನ್‌ನ ಮುಂದಿನ ಸಾಲು ಟಿಎಸ್‌ಒದ ಪಾಲಿಗೆ ಇನ್ನೊಂದು ಕಮಾಂಡ್ ಅಷ್ಟೇ. ವೈ ಎಂಬ ಕಮಾಂಡ್ ಇಲ್ಲದಿರುವುದು ನಮ್ಮ ಪುಣ್ಯ. ಎಚ್ ಎಂದರೆ ಹೆಲ್ಪ್, ಇ ಎಂದರೆ ಎಡಿಟ್. ಉತ್ತರವಾಗಿ ಇಟ್ಟದ್ದು ಕಮಾಂಡ್‌ಗೂ ಹೊಂದುವಂತಿದ್ದರೆ ಅದು ನಡೆದೇ ಬಿಡುತ್ತದೆ.

ಇದರ ಇನ್ನೊಂದು ಮಗ್ಗುಲು ಇನ್ನೂ ಕೆಟ್ಟದ್ದು. ಎಕ್ಸೆಕ್‌ಗೆ ಯಾರಾದರೂ ನಡುವೆ ಹೊಸ ಪ್ರಶ್ನೆಯೊಂದನ್ನು ಸೇರಿಸಿದರೆ ಉತ್ತರಗಳೆಲ್ಲ ಒಂದೊಂದು ಸ್ಥಾನ ಜರುಗುತ್ತವೆ, ಒಂದು ಪ್ರಶ್ನೆಗೆ ಕೊಟ್ಟ ಹೌದು ಇನ್ನೊಂದಕ್ಕೆ ಸಲ್ಲುತ್ತದೆ. ಅಳಿಸಬೇಕೇ ಎಂಬ ಪ್ರಶ್ನೆ ಇರುವ ಎಕ್ಸೆಕ್‌ನಲ್ಲಿ ಇದನ್ನು ಒಪ್ಪಲು ಸಾಧ್ಯವಿಲ್ಲ.

ಸ್ಟ್ಯಾಕ್ (ಪುಲ್ ಮೊದಲು ಓದುವ, ರೆಕ್ಸ್‌ನೊಳಗಿನ ಸಾಲುಗಳ ಸಂಗ್ರಹ) ಮೂಲಕ ಪರಿಹಾರ ಸಿಗುತ್ತದೆಯೇ ಎಂದು ನೋಡಿದೆ. ಹೊರಗೊಂದು ಪುಟ್ಟ ಎಕ್ಸೆಕ್ ಬರೆದು, ಅದರಲ್ಲಿ ನ್ಯೂಸ್ಟ್ಯಾಕ್ ತೆರೆದು, ಕ್ಯೂ ಮೂಲಕ ಉತ್ತರಗಳನ್ನು ತುಂಬಿ, ಹಳೆಯ ಎಕ್ಸೆಕ್ ಅನ್ನು ಕರೆದು, ಅದು ಮರಳಿದ ಮೇಲೆ ಕ್ಯೂಡ್ ಎಷ್ಟು ಉಳಿದಿದೆ ಎಂದು ಕೇಳಿ, ಕೊನೆಗೆ ಡೆಲ್‌ಸ್ಟ್ಯಾಕ್ ಮಾಡಿದರೆ ಉಳಿದ ಉತ್ತರಗಳು ಕಮಾಂಡ್ ಆಗಿ ಸೋರುವುದು ನಿಲ್ಲುತ್ತದೆ. ಮೂಲ ಎಕ್ಸೆಕ್ ಅನ್ನು ಮುಟ್ಟಲು ಅನುಮತಿಯೇ ಇಲ್ಲದಿದ್ದರೆ ಇದೇ ದಾರಿ, ಕೆಲಸವೂ ಆಗುತ್ತದೆ. ಆದರೆ ಉತ್ತರಗಳು ಕಡಿಮೆಯಾದಾಗ ಪುಲ್ ಮತ್ತೆ ಸಿಸ್‌ಟಿಎಸ್‌ಇನ್‌ಗೇ ಹೋಗುತ್ತದೆ, ಸ್ಥಾನ ಜರುಗುವ ಅಪಾಯವೂ ಹಾಗೆಯೇ ಉಳಿಯುತ್ತದೆ. ನನಗೆ ಎಕ್ಸೆಕ್ ತಿದ್ದುವ ಸ್ವಾತಂತ್ರ್ಯವಿದ್ದುದರಿಂದ ಇದನ್ನು ಬಿಟ್ಟುಕೊಟ್ಟೆ.

ಹಂತ 4: ಉತ್ತರಗಳಿಗೆ ಹೆಸರು, ಹೆಸರುಗಳಿಗೆ ಪ್ರತ್ಯೇಕ ಡಿಡಿ

ಇಡೀ ಕೆಲಸದ ತಿರುವು ಈ ಹಂತ. ಉತ್ತರಗಳನ್ನು ಸಿಸ್‌ಟಿಎಸ್‌ಇನ್‌ನಿಂದ ತೆಗೆದು ಆನ್ಸರ್ಸ್ ಎಂಬ ಬೇರೆಯೇ ಡಿಡಿಗೆ ಹಾಕಿದೆ. ಅಲ್ಲಿ ಪ್ರತಿ ಸಾಲಿನಲ್ಲೂ ಎಡಗಡೆ ಪ್ರಶ್ನೆಯ ಹೆಸರು, ಸಮಚಿಹ್ನೆ, ಬಲಗಡೆ ಉತ್ತರ. ಎಕ್ಸೆಕ್‌ನ ಆರಂಭದಲ್ಲಿ ಎಕ್ಸೆಕ್ಐಒ ಮೂಲಕ ಇಡೀ ಡಿಡಿಯನ್ನು ಒಂದು ಸ್ಟೆಮ್‌ಗೆ (ರೆಕ್ಸ್‌ನ ಪಟ್ಟಿ; ಅದರ ಸೊನ್ನೆಯ ಸ್ಥಾನದಲ್ಲಿ ಸಾಲುಗಳ ಸಂಖ್ಯೆ ಇರುತ್ತದೆ) ಓದಿಕೊಂಡು, ಪ್ರತಿ ಸಾಲನ್ನೂ ಸಮಚಿಹ್ನೆಯಲ್ಲಿ ಒಡೆದು, ಎರಡೂ ಬದಿಗೆ ಸ್ಟ್ರಿಪ್ ಮಾಡಿ ಇಟ್ಟುಕೊಳ್ಳಲಾಗುತ್ತದೆ. ಎಕ್ಸೆಕ್ಐಒದ ಆರ್‌ಸಿ ಸೊನ್ನೆಯಲ್ಲದಿದ್ದರೆ, ಅಥವಾ ಸ್ಟೆಮ್‌ನ ಸೊನ್ನೆಯ ಸ್ಥಾನದಲ್ಲಿ ಸೊನ್ನೆಯೇ ಇದ್ದರೆ, ಅಲ್ಲೇ ಎಕ್ಸಿಟ್ 16.

ಎಲ್ಲ ಸೇ ಮತ್ತು ಪುಲ್ ಜೋಡಿಗಳನ್ನು ತೆಗೆದು ಆಸ್ಕ್ ಎಂಬ ಒಂದೇ ಒಳ ರೊಟೀನ್‌ಗೆ ಸಾಗಿಸಿದೆ. ಅದು ಸಿಸ್‌ವಾರ್ ಫಂಕ್ಷನ್‌ಗೆ ಸಿಸ್‌ಎನ್‌ವಿ ಎಂದು ಕೇಳುತ್ತದೆ. ಫೋರ್ (ಮುನ್ನೆಲೆ) ಎಂದು ಬಂದರೆ ಹಿಂದಿನಂತೆಯೇ ಪರದೆಯಲ್ಲಿ ಕೇಳುತ್ತದೆ, ಬ್ಯಾಕ್ (ಹಿನ್ನೆಲೆ) ಎಂದು ಬಂದರೆ ಪಟ್ಟಿಯಲ್ಲಿ ಆ ಹೆಸರನ್ನು ಹುಡುಕುತ್ತದೆ. ಹೆಸರು ಸಿಗಲಿಲ್ಲ, ಅಥವಾ ಸಿಕ್ಕ ಉತ್ತರ ಒಪ್ಪುವಂಥದ್ದಲ್ಲ ಎಂದಾದರೆ, ಯಾವ ಪ್ರಶ್ನೆಗೆ ಏನು ಸಿಕ್ಕಿತು ಎಂಬುದನ್ನು ಒಂದು ಸಾಲಿನಲ್ಲಿ ಬರೆದು ಎಕ್ಸಿಟ್ 16. ಬ್ಯಾಚ್‌ನಲ್ಲಿ ಎರಡನೆಯ ಬಾರಿ ಕೇಳುವ ಮಾತೇ ಇಲ್ಲ, ಲೂಪ್ ಇರುವುದು ಮುನ್ನೆಲೆಯ ಕವಲಿನಲ್ಲಿ ಮಾತ್ರ. ಕೇಳದೆ ಉಳಿದ ಉತ್ತರಗಳು ಯಾರಿಗೂ ತೊಂದರೆ ಕೊಡದೆ ಪಟ್ಟಿಯಲ್ಲೇ ಉಳಿಯುತ್ತವೆ.

ಸೂಕ್ತ ಡೀಫಾಲ್ಟ್ ಇಟ್ಟುಬಿಡಬಹುದಲ್ಲ ಎಂಬ ಸಲಹೆ ಬಂದಿತ್ತು. ತಿಂಗಳಿಗೂ ಡೇಟಾಸೆಟ್‌ಗೂ ಡೀಫಾಲ್ಟ್ ಇಡುವುದನ್ನು ನಾನು ಒಪ್ಪಲಿಲ್ಲ. ಸಾಲೊಂದು ಬಿಟ್ಟುಹೋದಾಗ ಹಿಂದಿನ ತಿಂಗಳ ಲೆಕ್ಕವನ್ನು ಸೊನ್ನೆ ಕೋಡ್‌ನೊಂದಿಗೆ ಮತ್ತೆ ಮಾಡಿಟ್ಟ ಜಾಬ್‌ಗಿಂತ ರಾತ್ರಿ ಯಾರನ್ನಾದರೂ ಎಬ್ಬಿಸುವ ಜಾಬ್ ವಾಸಿ.

ಇದೇ ಹಂತದಲ್ಲಿ ಎಕ್ಸೆಕ್‌ನ ತಲೆಯಲ್ಲಿ ಸಿಗ್ನಲ್ ಆನ್ ನೋವ್ಯಾಲ್ಯೂ ಮತ್ತು ಸಿಗ್ನಲ್ ಆನ್ ಸಿಂಟ್ಯಾಕ್ಸ್ ಹಾಕಿದೆ. ಎರಡೂ ಒಂದೇ ಲೇಬಲ್‌ಗೆ ಹೋಗಿ, ಸಿಗ್ಲ್‌ನಲ್ಲಿರುವ ಸಾಲಿನ ಸಂಖ್ಯೆಯನ್ನೂ ಸೋರ್ಸ್‌ಲೈನ್ ಮೂಲಕ ಆ ಸಾಲನ್ನೂ ಬರೆದು 16ರಲ್ಲಿ ಹೊರಬರುತ್ತವೆ. ನೋವ್ಯಾಲ್ಯೂ ಹಾಕಿದ ಮೊದಲ ಓಟದಲ್ಲೇ ಹಳೆಯ ಕೋಡ್‌ನಲ್ಲಿ ಬೆಲೆಯೇ ಕೊಡದೆ ಬಳಸಿದ್ದ ಒಂದು ಹೆಸರು ಸಿಕ್ಕಿಬಿತ್ತು. ರೆಕ್ಸ್‌ನಲ್ಲಿ ಅಂಥ ಹೆಸರಿಗೆ ಅದರದ್ದೇ ದೊಡ್ಡಕ್ಷರದ ರೂಪ ಬೆಲೆಯಾಗುವುದರಿಂದ ಅದುವರೆಗೆ ಯಾರಿಗೂ ತಿಳಿದಿರಲಿಲ್ಲ.

ಹಂತ 5: ಷೆಡ್ಯೂಲರ್‌ನ ಐಡಿ

ನನ್ನ ಐಡಿಯಲ್ಲಿ ಎಲ್ಲವೂ ಸರಿಯಾಗಿ ನಡೆದ ಮೇಲೆ ಷೆಡ್ಯೂಲರ್ ಬಳಸುವ ಐಡಿಯಲ್ಲಿ ಓಡಿಸಿದೆ. ಕೋಡ್ ಸೊನ್ನೆ. ಔಟ್‌ಪುಟ್ ಮಾತ್ರ ಇರಬೇಕಾದ ಜಾಗದಲ್ಲಿ ಇರಲಿಲ್ಲ.

ಎಕ್ಸೆಕ್‌ನ ಎರಡು ಕಡೆ ಡೇಟಾಸೆಟ್ ಹೆಸರನ್ನು ಒಂಟಿ ಉದ್ಧರಣ ಚಿಹ್ನೆಗಳಿಲ್ಲದೆ ಬರೆಯಲಾಗಿತ್ತು. ಹಾಗೆ ಬರೆದ ಹೆಸರಿಗೆ ಟಿಎಸ್‌ಒ ತನ್ನ ಪ್ರಿಫಿಕ್ಸ್ ಅನ್ನು ಮುಂದೆ ಸೇರಿಸುತ್ತದೆ, ಐಡಿ ಬದಲಾದಾಗ ಪ್ರಿಫಿಕ್ಸ್ ಕೂಡ ಬದಲಾಗುತ್ತದೆ. ಸಿಸ್‌ಡಿಎಸ್‌ಎನ್ ಹೊಸ ಹೆಸರನ್ನು ಹುಡುಕಿ ಡೇಟಾಸೆಟ್ ನಾಟ್ ಫೌಂಡ್ ಎಂದಿತು, ಎಕ್ಸೆಕ್ ಅದನ್ನು ಹಳೆಯ ಔಟ್‌ಪುಟ್ ಇಲ್ಲ ಎಂದು ತಿಳಿಯಿತು, ಅಲೊಕೇಟ್ ಆ ಪ್ರಿಫಿಕ್ಸ್‌ನ ಅಡಿಯಲ್ಲೇ ಹೊಸದನ್ನು ಸೃಷ್ಟಿಸಿತು. ಪ್ರತಿಯೊಂದು ಹೆಜ್ಜೆಯೂ ತನ್ನ ಮಟ್ಟಿಗೆ ಸರಿಯೇ.

ಮಾಡಿದ ತಿದ್ದುಪಡಿ ಎರಡು. ಎಲ್ಲ ಹೆಸರುಗಳನ್ನೂ ಪೂರ್ಣವಾಗಿ, ಉದ್ಧರಣ ಚಿಹ್ನೆಗಳೊಳಗೆ ಬರೆದೆ. ಸಿಸ್‌ಡಿಎಸ್‌ಎನ್ ಕೊಡುವ ಉತ್ತರಗಳಲ್ಲಿ ಓಕೆ ಮತ್ತು ಡೇಟಾಸೆಟ್ ನಾಟ್ ಫೌಂಡ್ ಎಂಬ ಎರಡನ್ನು ಮಾತ್ರ ಒಪ್ಪಿ, ಬೇರೆ ಏನೇ ಬಂದರೂ, ರಕ್ಷಿತ ಡೇಟಾಸೆಟ್ ಎಂಬ ಉತ್ತರವೂ ಸೇರಿದಂತೆ, 16ರಲ್ಲಿ ನಿಲ್ಲುವಂತೆ ಮಾಡಿದೆ. ಹಳೆಯ ಕೋಡ್‌ನಲ್ಲಿ ಓಕೆ ಅಲ್ಲದ ಎಲ್ಲವೂ ಇಲ್ಲ ಎಂದೇ ಲೆಕ್ಕವಾಗುತ್ತಿತ್ತು. ಪ್ರತಿ ಅಲೊಕೇಟ್‌ನ ನಂತರ ಆರ್‌ಸಿ ನೋಡುವ ಸಾಲನ್ನೂ ಸೇರಿಸಿದೆ.

ಹಂತ 6: ಪರದೆಯಿಲ್ಲದ ಐಎಸ್‌ಪಿಎಫ್

ಐಎಸ್‌ಪಿಎಫ್ ಬ್ಯಾಚ್‌ನಲ್ಲಿ ಓಡುತ್ತದೆ, ಆದರೆ ಅದಕ್ಕೆ ಡಿಡಿಗಳ ಒಂದು ದೊಡ್ಡ ಸಂಸಾರವೇ ಬೇಕು. ಪ್ಯಾನೆಲ್‌ಗೆ ಐಎಸ್‌ಪಿಪಿಲಿಬ್, ಸಂದೇಶಗಳಿಗೆ ಐಎಸ್‌ಪಿಎಂಲಿಬ್, ಸ್ಕೆಲಿಟನ್‌ಗೆ ಐಎಸ್‌ಪಿಎಸ್‌ಲಿಬ್, ಟೇಬಲ್‌ಗೆ ಐಎಸ್‌ಪಿಟಿಲಿಬ್, ಪ್ರೊಫೈಲ್‌ಗೆ ಐಎಸ್‌ಪಿಪ್ರೊಫ್, ಲಾಗ್‌ಗೆ ಐಎಸ್‌ಪಿಲಾಗ್. ಲಾಗ್ ಡಿಡಿಯನ್ನು ಸಿಸ್‌ಔಟ್‌ಗೆ ತಿರುಗಿಸಿ ರೆಕ್‌ಎಫ್‌ಎಂ ವಿಎ, ಎಲ್‌ರೆಕ್ಲ್ 125, ಬ್ಲಾಕ್‌ಸೈಜ್ 129 ಎಂದು ಕೊಟ್ಟೆ. ಬ್ಯಾಚ್‌ನಲ್ಲಿ ಏನು ಕೆಟ್ಟಿತೆಂದು ತಿಳಿಯಲು ಅದು ಬೇಕೇ ಬೇಕು.

ಪ್ರೊಫೈಲ್ ಡಿಡಿಗೆ ಮೊದಲು ನನ್ನ ಐಡಿಯ ಪ್ರೊಫೈಲ್ ಡೇಟಾಸೆಟ್ ಅನ್ನೇ ಕೊಟ್ಟಿದ್ದೆ. ನಾನು ಟಿಎಸ್‌ಒದಲ್ಲಿ ಲಾಗಾನ್ ಆಗಿರುವಾಗ ಅದು ಬಳಕೆಯಲ್ಲಿರುವುದರಿಂದ ಜಾಬ್‌ಗೆ ಸಿಗಲಿಲ್ಲ. ನಂತರ ತಾತ್ಕಾಲಿಕ ಡೇಟಾಸೆಟ್ ಬಳಸಿದೆ: ಯೂನಿಟ್ ಸಿಸ್‌ಡಿಎ, ಜಾಗ 1 ಟ್ರ್ಯಾಕ್ ಮತ್ತು ಹೆಚ್ಚುವರಿ 1, ಡೈರೆಕ್ಟರಿ ಬ್ಲಾಕ್ 5, ಎಫ್‌ಬಿ 80. ಜಾಬ್ ಮುಗಿದ ಕೂಡಲೇ ಅದೂ ಹೋಗುತ್ತದೆ.

ಸಿಸ್‌ಟಿಎಸ್‌ಇನ್‌ನಲ್ಲಿ ಈಗ ಎಕ್ಸೆಕ್ ಹೆಸರಿನ ಬದಲು ಐಎಸ್‌ಪಿಸ್ಟಾರ್ಟ್, ಅದರ ಸಿಎಂಡಿ ಆಪರೆಂಡ್‌ನೊಳಗೆ ಎಕ್ಸೆಕ್. ಮೊದಲ ಓಟದಲ್ಲಿ ದೃಢೀಕರಣದ ಪ್ಯಾನೆಲ್‌ಗೆ ಬಂದಾಗ ಐಎಸ್‌ಪಿಎಫ್ ತಾನೇ ಎಂಟರ್ ಒತ್ತಿದಂತೆ ನಡೆದುಕೊಂಡಿತು. ಪ್ಯಾನೆಲ್‌ನ ಪರಿಶೀಲನಾ ವಿಭಾಗಕ್ಕೆ ಖಾಲಿ ಕ್ಷೇತ್ರವೊಂದು ಒಪ್ಪಿಗೆಯಾಗಲಿಲ್ಲ, ಅದು ಸಂದೇಶದೊಂದಿಗೆ ಪ್ಯಾನೆಲ್ ಅನ್ನು ಮತ್ತೆ ತೋರಿಸಿತು, ಮತ್ತೆ ಎಂಟರ್. ಇದು ಕೊನೆಯಿಲ್ಲದೆ ಸುತ್ತದಂತೆ ಐಎಸ್‌ಪಿಸ್ಟಾರ್ಟ್‌ಗೆ ಎರಡು ಮಿತಿಗಳಿವೆ: ಒಂದೇ ಪ್ಯಾನೆಲ್ ಎಷ್ಟು ಸಲ ಮರಳಬಹುದೆಂಬ ಬಿಆರ್‌ಇಡಿಐಮ್ಯಾಕ್ಸ್, ಒಟ್ಟು ಎಷ್ಟು ಪ್ಯಾನೆಲ್‌ಗಳೆಂಬ ಬಿಡಿಐಎಸ್‌ಪಿಮ್ಯಾಕ್ಸ್. ಎರಡನೆಯದು ತಾನಾಗಿ 100 ಇರುತ್ತದೆ. ಒಂದೂ ಪ್ಯಾನೆಲ್ ಬರಬಾರದ ಜಾಬ್‌ಗೆ 100 ಅತಿಯಾಯಿತು, ಎರಡನ್ನೂ 1ಕ್ಕೆ ಇಳಿಸಿದೆ. ಮಿತಿ ದಾಟಿದ ಓಟದಲ್ಲಿ ಸ್ಟೆಪ್ 990ರಲ್ಲಿ ಮುಗಿಯಿತು. ಬ್ಯಾಚ್‌ನಲ್ಲಿ ಐಎಸ್‌ಪಿಎಫ್ ಗಂಭೀರ ದೋಷದಿಂದ ನಿಂತಿತು ಎಂದು ಅದು ಸೂಚಿಸುತ್ತದೆ.

ಪ್ಯಾನೆಲ್‌ನೊಳಗೆ ಡಾಟ್ ರೆಸ್ಪ್ ಎಂಬ ನಿಯಂತ್ರಣ ಚಲಕಕ್ಕೆ ಎಂಡ್ ಅಥವಾ ಎಂಟರ್ ಎಂದು ಬೆಲೆ ಕೊಟ್ಟು ಪ್ರತಿಕ್ರಿಯೆಯನ್ನು ನಟಿಸಬಹುದು. ಅದನ್ನೂ ಮಾಡಿ ನೋಡಿದೆ, ಕೆಲಸ ಮಾಡಿತು. ಆದರೆ ದೃಢೀಕರಣಕ್ಕೆಂದೇ ಇರುವ ಪ್ಯಾನೆಲ್ ತನ್ನನ್ನು ತಾನೇ ದೃಢೀಕರಿಸಿಕೊಳ್ಳುವುದಕ್ಕಿಂತ, ಹಿನ್ನೆಲೆಯಲ್ಲಿ ಅದನ್ನು ಕರೆಯದಿರುವುದೇ ಪ್ರಾಮಾಣಿಕವೆನಿಸಿತು. ಈಗ ಸಿಸ್‌ಎನ್‌ವಿ ಬ್ಯಾಕ್ ಆಗಿದ್ದರೆ, ಪ್ಯಾನೆಲ್‌ನಲ್ಲಿ ಕಾಣಬೇಕಿದ್ದ ಬೆಲೆಗಳನ್ನೆಲ್ಲ ಎಕ್ಸೆಕ್ ಸೇ ಮೂಲಕ ಸಿಸ್‌ಟಿಎಸ್‌ಪಿಆರ್‌ಟಿಗೆ ಬರೆದು ಮುಂದೆ ಹೋಗುತ್ತದೆ.

ಹಂತ 7: ಎಡಿಟ್ ಮ್ಯಾಕ್ರೋ

ಇದು ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಐಎಸ್‌ಪಿಎಫ್‌ನ ಎಡಿಟ್ ಸೇವೆಗೆ ಡೇಟಾಸೆಟ್ ಮತ್ತು ಮ್ಯಾಕ್ರೋ ಹೆಸರು ಕೊಟ್ಟರೆ ಬ್ಯಾಚ್‌ನಲ್ಲೂ ನಡೆಯುತ್ತದೆ, ಮ್ಯಾಕ್ರೋ ತಾನೇ ಸೇವ್ ಮತ್ತು ಎಂಡ್ ಮಾಡಿ ಹೊರಬರಬೇಕು ಅಷ್ಟೇ. ನಮ್ಮ ಮ್ಯಾಕ್ರೋದಲ್ಲಿ ಸೇವ್ ಇತ್ತು, ಎಂಡ್ ಇರಲಿಲ್ಲ. ಬಳಕೆದಾರರು ತಿದ್ದಿದ್ದನ್ನು ನೋಡಿ ಪಿಎಫ್3 ಒತ್ತಲಿ ಎಂದು ಹಾಗೆ ಬಿಟ್ಟಿದ್ದರು. ತಾತ್ಕಾಲಿಕ ಪ್ರೊಫೈಲ್‌ನಿಂದಾಗಿ ಎಡಿಟ್ ಪ್ರೊಫೈಲ್ ಪ್ರತಿ ಸಲವೂ ಹೊಸದಾಗಿರುವುದರಿಂದ, ನಂಬರ್ ಆಫ್ ಮತ್ತು ಕ್ಯಾಪ್ಸ್ ಆಫ್ ಎಂದು ಮ್ಯಾಕ್ರೋದ ಆರಂಭದಲ್ಲೇ ಸ್ಪಷ್ಟವಾಗಿ ಹೇಳಿಬಿಟ್ಟೆ.

ಕೋಡ್‌ಗಳನ್ನು ಇಲ್ಲಿ ಎರಡು ಮಟ್ಟದಲ್ಲಿ ನೋಡಬೇಕು. ಮ್ಯಾಕ್ರೋದೊಳಗೆ ಚೇಂಜ್ ಕಮಾಂಡ್ 4 ಕೊಟ್ಟರೆ ಹುಡುಕಿದ ಪದ ಸಿಗಲಿಲ್ಲ ಎಂದರ್ಥ, 8 ಕೊಟ್ಟರೆ ಹೊಸ ಪದ ಜಾಗದಲ್ಲಿ ಹಿಡಿಸಲಿಲ್ಲ ಎಂದರ್ಥ. ನಮಗೆ ಎರಡೂ ದೋಷಗಳೇ. ಹೊರಗೆ ಎಡಿಟ್ ಸೇವೆ 14 ಕೊಟ್ಟರೆ ಆ ಮೆಂಬರ್ ಅನ್ನು ಬೇರೆ ಯಾರೋ ತೆರೆದಿಟ್ಟಿದ್ದಾರೆ. ಈ ಕೊನೆಯದು ಬ್ಯಾಚ್‌ನಲ್ಲಿ ನಿಜವಾಗಿಯೂ ಆಗುವಂಥದ್ದು, ಆದ್ದರಿಂದ ಅದಕ್ಕೆ ಬೇರೆಯೇ ಸಂದೇಶ ಇಟ್ಟೆ.

ಹಂತ 8: ರಿಟರ್ನ್ ಕೋಡ್ ಹೊರಗೆ ಬರುವುದು

ಎಕ್ಸಿಟ್ 16 ಎಂದು ಎಲ್ಲೆಡೆ ಬರೆದಾಗಿತ್ತು. ಬೇಕೆಂದೇ ಒಂದು ಉತ್ತರವನ್ನು ತೆಗೆದು ಓಡಿಸಿದೆ. ಎಕ್ಸೆಕ್ ತನ್ನ ಸಂದೇಶ ಬರೆದು ನಿಂತಿತು, ಸ್ಟೆಪ್‌ನ ಕೋಡ್ ಸೊನ್ನೆಯಾಗಿಯೇ ಉಳಿಯಿತು. ಐಎಸ್‌ಪಿಎಫ್‌ನ ಕೆಳಗೆ ಓಡುವ ಎಕ್ಸೆಕ್‌ನ ಎಕ್ಸಿಟ್ ಬೆಲೆ ತಾನಾಗಿ ಹೊರಗೆ ಬರುವುದಿಲ್ಲ. ಝಡ್‌ಐಎಸ್‌ಪಿಎಫ್‌ಆರ್‌ಸಿ ಎಂಬ ಚಲಕಕ್ಕೆ ಬೆಲೆ ಕೊಟ್ಟು, ಅದನ್ನು ವಿಪುಟ್ ಸೇವೆಯ ಮೂಲಕ ಷೇರ್ಡ್ ಪೂಲ್‌ಗೆ (ಐಎಸ್‌ಪಿಎಫ್‌ನ ಹಂಚಿಕೆಯ ಚಲಕಗಳ ಸಂಗ್ರಹ) ಹಾಕಿದರೆ ಮಾತ್ರ ಐಎಸ್‌ಪಿಸ್ಟಾರ್ಟ್ ಅದನ್ನು ತನ್ನ ಕೋಡ್ ಆಗಿ ಹಿಂದಿರುಗಿಸುತ್ತದೆ. ಹೊರಬರುವ ದಾರಿಗಳನ್ನೆಲ್ಲ ಒಂದೇ ಲೇಬಲ್‌ಗೆ ತಂದು, ಅಲ್ಲಿ ಈ ಎರಡು ಸಾಲುಗಳನ್ನು ಇಟ್ಟೆ.

ಅದಾದ ಮೇಲೂ ಒಂದು ರಂಧ್ರ ಉಳಿದಿತ್ತು. ಐಕೆಜೆಇಎಫ್‌ಟಿ01 ಒಂದು ಕಮಾಂಡ್ ಸೊನ್ನೆಯಲ್ಲದ ಕೋಡ್ ಕೊಟ್ಟರೂ ಮುಂದಿನದಕ್ಕೆ ಹೋಗುತ್ತದೆ, ಸ್ಟೆಪ್‌ಗೆ ಸಿಗುವುದು ಕೊನೆಯ ಕಮಾಂಡ್‌ನ ಕೋಡ್. ಸಿಸ್‌ಟಿಎಸ್‌ಇನ್‌ನಲ್ಲಿ ಐಎಸ್‌ಪಿಸ್ಟಾರ್ಟ್ ನಂತರ ಯಾರಾದರೂ ಒಂದು ಸಾಲು ಸೇರಿಸಿದರೆ ನಮ್ಮ 16 ಕಾಣೆಯಾಗುತ್ತದೆ. ಪ್ರೋಗ್ರಾಂ ಹೆಸರನ್ನು ಐಕೆಜೆಇಎಫ್‌ಟಿ1ಬಿ ಎಂದು ಬದಲಿಸಿದೆ. ಅದು ಮೊದಲ ಸೊನ್ನೆಯಲ್ಲದ ಕೋಡ್‌ಗೇ ಅದೇ ಕೋಡ್‌ನೊಂದಿಗೆ ನಿಲ್ಲುತ್ತದೆ, ಅಬೆಂಡ್ ಆದರೆ ಸ್ಟೆಪ್ ಕೂಡ 04ಸಿ ಕೋಡ್‌ನೊಂದಿಗೆ ಅಬೆಂಡ್ ಆಗುತ್ತದೆ. ಐಕೆಜೆಇಎಫ್‌ಟಿ1ಎ ಎಂಬ ಮೂರನೆಯದೂ ಇದೆ, ಆದರೆ ಅದು ಸಿಲಿಸ್ಟ್‌ಗಳಿಂದ (ಟಿಎಸ್‌ಒದ ಇನ್ನೊಂದು ಬಗೆಯ ಸ್ಕ್ರಿಪ್ಟ್‌ಗಳು) ಬಂದ ಕೋಡ್‌ಗೆ ನಿಲ್ಲುವುದಿಲ್ಲ. ನಮ್ಮಲ್ಲಿ ಹಳೆಯ ಸಿಲಿಸ್ಟ್‌ಗಳು ಇನ್ನೂ ಇರುವುದರಿಂದ ಅದು ಬೇಡವೆನಿಸಿತು.

ಇದನ್ನು ಪರೀಕ್ಷಿಸಲು ಪ್ರತಿ ದೋಷವನ್ನೂ ಬೇಕೆಂದೇ ಉಂಟುಮಾಡಿ ಕೋಡ್ ನೋಡಿಕೊಂಡೆ: ಉತ್ತರ ಇಲ್ಲದಿರುವುದು, ತಪ್ಪು ಉತ್ತರ, ಇಲ್ಲದ ಮೂಲ ಡೇಟಾಸೆಟ್, ಇನ್ನೊಂದು ಸೆಷನ್‌ನಲ್ಲಿ ತೆರೆದಿಟ್ಟ ಮೆಂಬರ್, ತಪ್ಪಾಗಿ ಬರೆದ ಎಕ್ಸೆಕ್ ಹೆಸರು. ಎಲ್ಲವೂ ಸೊನ್ನೆಯಲ್ಲದ ಕೋಡ್ ಕೊಟ್ಟ ಮೇಲೆಯೇ ಜಾಬ್ ಅನ್ನು ಷೆಡ್ಯೂಲರ್‌ಗೆ ಒಪ್ಪಿಸಿದೆ.

ಹಂತ 9: ತಿಂಗಳನ್ನು ಕೈಯಿಂದ ಬರೆಯದಿರುವುದು

ಆನ್ಸರ್ಸ್ ಡಿಡಿಯೊಳಗಿನ ತಿಂಗಳು ಪ್ರತಿ ಬಾರಿ ಬದಲಾಗಬೇಕು. ಇನ್‌ಸ್ಟ್ರೀಮ್ ಡೇಟಾದೊಳಗೆ (ಜೆಸಿಎಲ್‌ನಲ್ಲೇ ಬರೆದ ಡೇಟಾ) ಜೆಸಿಎಲ್ ಸಿಂಬಲ್‌ಗಳು (ಬೆಲೆ ತುಂಬುವ ಹೆಸರುಗಳು) ಕೆಲಸ ಮಾಡುವುದಿಲ್ಲ ಎಂಬ ಹಳೆಯ ನಂಬಿಕೆ ಇನ್ನೂ ಹಲವರಲ್ಲಿದೆ. 2013ರಲ್ಲಿ ಬಂದ ಜೆಡ್‌ಓಎಸ್ 2.1ರಿಂದ ಅವು ಕೆಲಸ ಮಾಡುತ್ತವೆ. ಎಕ್ಸ್‌ಪೋರ್ಟ್ ಸಾಲಿನ ಸಿಮ್‌ಲಿಸ್ಟ್‌ನಲ್ಲಿ ಸಿಂಬಲ್‌ನ ಹೆಸರು, ಅದರ ನಂತರ ಸೆಟ್ ಸಾಲಿನಲ್ಲಿ ಬೆಲೆ, ಡಿಡಿ ಸಾಲಿನಲ್ಲಿ ಸಿಂಬಲ್ಸ್ ಎಂಬುದಕ್ಕೆ ಜೆಸಿಎಲ್‌ಓನ್ಲಿ. ಎಕ್ಸ್‌ಪೋರ್ಟ್ ಸಾಲು ಸೆಟ್ ಸಾಲಿಗಿಂತ ಮೊದಲೇ ಇರಬೇಕು. ಹಿಂದುಮುಂದಾದರೆ ಬೆಲೆ ಒಳಗೆ ಹೋಗುವುದಿಲ್ಲ, ಆಂಪರ್ಸೆಂಡ್ ಸಮೇತ ಸಿಂಬಲ್‌ನ ಹೆಸರೇ ಉತ್ತರವಾಗಿ ಬರುತ್ತದೆ. ತಿಂಗಳು ನಾಲ್ಕು ಅಂಕಿಗಳೇ ಆಗಿರಬೇಕೆಂಬ ಪರೀಕ್ಷೆ ಆಸ್ಕ್ ರೊಟೀನ್‌ನಲ್ಲಿ ಇದ್ದುದರಿಂದ ಇದು ಕೂಡಲೇ 16ರಲ್ಲಿ ಸಿಕ್ಕಿಬಿತ್ತು. ಜೆಸಿಎಲ್‌ಓನ್ಲಿ ಜೊತೆಗೆ ಇನ್ನೊಂದು ಡಿಡಿಯ ಹೆಸರು ಕೊಟ್ಟರೆ ಯಾವ ಸಿಂಬಲ್ ಏನಾಯಿತೆಂಬ ದಾಖಲೆ ಅಲ್ಲಿ ಸಿಗುತ್ತದೆ; ಅದನ್ನು ಖಾಯಂ ಇಟ್ಟಿದ್ದೇನೆ.

ಬಾಕಿ ಉಳಿದದ್ದು

ಎಕ್ಸೆಕ್‌ನ ಕೊನೆಯಲ್ಲಿದ್ದ ಪೂರ್ಣಪರದೆಯ ಕಮಾಂಡ್‌ಗೆ ಇನ್ನೂ ದಾರಿ ಸಿಕ್ಕಿಲ್ಲ. ಅದು ಐಎಸ್‌ಪಿಎಫ್ ಪ್ಯಾನೆಲ್‌ಗಳನ್ನು ಬಳಸದೆ ಟರ್ಮಿನಲ್‌ಗೆ ನೇರವಾಗಿ ಬರೆಯುತ್ತದೆ, ಹಿನ್ನೆಲೆಯಲ್ಲಿ ಬರೆಯಲು ಟರ್ಮಿನಲ್ಲೇ ಇಲ್ಲ. ಐಎಸ್‌ಪಿಎಫ್ ತೋರಿಸುವ ಉಪಾಯಗಳಾವುವೂ ಅದಕ್ಕೆ ತಗಲುವುದಿಲ್ಲ. ಸದ್ಯಕ್ಕೆ ಹಿನ್ನೆಲೆಯಲ್ಲಿ ಆ ಕಮಾಂಡ್ ಅನ್ನು ಕರೆಯದೆ, ಅದು ಬಾಕಿ ಇದೆ ಎಂಬ ಸಾಲನ್ನು ಸಿಸ್‌ಟಿಎಸ್‌ಪಿಆರ್‌ಟಿಯಲ್ಲಿ ಬರೆದು ಎಕ್ಸೆಕ್ 4ರಲ್ಲಿ ಮುಗಿಯುತ್ತದೆ. 4ಕ್ಕಿಂತ ಹೆಚ್ಚಿನದು ಬಂದರೆ ಮಾತ್ರ ಷೆಡ್ಯೂಲರ್ ಮುಂದಿನ ಜಾಬ್‌ಗಳನ್ನು ತಡೆಯುತ್ತದೆ. 4 ಬಂದ ದಿನ ಬೆಳಿಗ್ಗೆ ಬಂದವರು ಆ ಒಂದು ಕಮಾಂಡ್ ಅನ್ನು ಕೈಯಿಂದ ಓಡಿಸಬೇಕು. ಅದು ಮಾಡುವ ಕೆಲಸ ಒಂದು ವಿಎಸ್ಎಎಂ (ಮೇನ್‌ಫ್ರೇಮ್‌ನ ಒಂದು ಬಗೆಯ) ಫೈಲ್‌ನಿಂದ ಓದಿ ವರದಿ ತೋರಿಸುವುದಷ್ಟೇ ಆದ್ದರಿಂದ, ಅದನ್ನು ಬಿಟ್ಟು ಫೈಲ್ ಅನ್ನೇ ನೇರವಾಗಿ ಓದುವ ಒಂದು ಪ್ರತ್ಯೇಕ ಸ್ಟೆಪ್ ಬರೆಯಲು ರೆಕಾರ್ಡ್‌ನ ವಿನ್ಯಾಸವನ್ನು ಈಗ ಬಿಡಿಸುತ್ತಿದ್ದೇನೆ.